ನಮ್ಮಾಯಿ ಎಲ್ಲದಾಳ?

ಪೇತ್ರನ ಮೊದಲ ಪತ್ರಿಕೆ, 3ನೇ ಅಧ್ಯಾಯ, 15ನೇ ವಚನ. ನಮ್ಮಲ್ಲಿ ತುಂಬಾ ಜನಕ್ಕೆ ಇದು ಅರ್ಧ ಮಾತ್ರ ಬಾಯಿಪಾಠ. ನಂಬಿಕೆಯ ಬಗ್ಗೆ ಕೇಳಿದವರಿಗೆ ಉತ್ತರ ಕೊಡಲು ತಯಾರಿರಬೇಕು ಅನ್ನೋ ಅರ್ಧ. ಮೃದುವಾಗಿ, ಮರ್ಯಾದೆಯಿಂದ ಕೊಡಬೇಕು ಅನ್ನೋ ಇನ್ನರ್ಧ ವಾಟ್ಸಾಪ್ ವಾದದ ಮೂರನೇ ಮೆಸೇಜಿಗೇ ಹಾರಿಹೋಗಿರುತ್ತೆ.

ನನ್ನೂರು ಸವದತ್ತಿ. ಯಲ್ಲಮ್ಮನ ಗುಡ್ಡದ ಊರಲ್ಲಿ ಕ್ರೈಸ್ತರ ಮನೆಯಲ್ಲಿ ಬೆಳೆದವನಿಗೆ ಪ್ರಶ್ನೆಗಳ ಬರ ಇರಲ್ಲ ಬಿಡಿ. "ಅದು ಬ್ರಿಟಿಷರ ಧರ್ಮ ಅಲ್ಲೇನಲೇ?" ಅನ್ನೋದು ಸುಲಭದ್ದು. ಬ್ರಿಟಿಷರಿಗಿಂತ ಶತಮಾನಗಳ ಮೊದಲೇ ಕೇರಳದಲ್ಲಿ ಕ್ರೈಸ್ತರಿದ್ದರು ಅಂತ ಹೇಳಿ ಚಹಾ ಕುಡೀಬಹುದು. ಬೆಂಗಳೂರಿನಲ್ಲಿ ನನ್ನ ಟೀಮಿನಲ್ಲೇ ಇರುವ ರಾಮದುರ್ಗದ ಗೆಳೆಯ ಹೋದ ತಿಂಗಳು ಕೇಳಿದ್ದು ಅಂಥದ್ದಲ್ಲ.

"ಯೇಸು ಒಬ್ಬನ ದಾರಿ ಅಂತೀರಿ. ಹಂಗಾರ ವರ್ಷಾ ಗುಡ್ಡಕ್ಕ ಹೋದ ನಮ್ಮಾಯಿ ಈಗ ಎಲ್ಲದಾಳ?"

ದನಿ ಜೋರಿತ್ತು. ಆಯಿ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಇಂಥ ಪ್ರಶ್ನೆಗೆ ರೋಮಾಪುರದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ತೆಗೀಬಹುದು ಅಂತ ನನಗೆ ಗೊತ್ತು. ತೆಗೀಲಿಲ್ಲ. "ಆಯಿ ಹೆಂಗಿದ್ಲು, ಹೇಳೋ" ಅಂದೆ. ಕ್ಯಾಂಟೀನ್ ಮುಚ್ಚೋ ತನಕ ಹೇಳಿದ. ಸೆರಗಿನ ಗಂಟಿನಲ್ಲಿ ಯಾವಾಗಲೂ ಭಂಡಾರ ಇರ್ತಿತ್ತಂತೆ. ಇವನ ಇಂಜಿನಿಯರಿಂಗ್ ಫೀಸಿಗೆ ಎಮ್ಮೆ ಮಾರಿದ್ದಳಂತೆ. ಬಗ್ ಬಂದರೆ ಅದು ಎಲ್ಲಿ ಹುಟ್ಟುತ್ತೆ ಅಂತ ಮೊದಲು ನೋಡ್ತೀವಿ, ನೋಡದೇ ಟಿಕೆಟ್ ಕ್ಲೋಸ್ ಮಾಡಲ್ಲ ಅಲ್ವಾ?

ಇದನ್ನು ಕೇಳಿದ ನಮ್ಮ ಸಭೆಯ ಹಿರಿಯರೊಬ್ಬರು, ಸಾಕ್ಷಿ ಹೇಳೋ ಅವಕಾಶ ಕಳಕೊಂಡೆ ಅಂದರು. ನಾನು ಒಪ್ಪಲಿಲ್ಲ. ಹರ್ಮನ್ ಮೊಗ್ಲಿಂಗ್ ನೆನಪಾದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಬಾಸೆಲ್ ಮಿಷನ್ ಪಾದ್ರಿ. ಬಂದದ್ದು ಮತಪ್ರಚಾರಕ್ಕೇ, ಮುಚ್ಚಿಡೋದೇನಿಲ್ಲ. ಆ ಕಾಲದ ಮಿಷನರಿ ಕರಪತ್ರಗಳಲ್ಲಿ ಇಲ್ಲಿನ ದೇವರುಗಳನ್ನು ಹೀಯಾಳಿಸಿದ ಮಾತುಗಳೂ ಇದ್ದವು. ಆದರೆ ಇದೇ ಮನುಷ್ಯ 1848ರಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ತಮ್ಮ ಬೋಧನೆ ಒಪ್ಪದವರು ಎದೆಗೊತ್ತಿಕೊಂಡ ಪುಸ್ತಕಗಳವು! ಎದುರಿನವನು ಏನನ್ನು ಪ್ರೀತಿಸ್ತಾನೆ ಅಂತ ಓದಿ ತಿಳಿಯೋದಕ್ಕೆ ಅವರು ವರ್ಷಗಟ್ಟಲೆ ಕೊಟ್ಟರು. ನಾನು ಕೊಟ್ಟದ್ದು ಒಂದು ಸಂಜೆ.

ಹೋದ ವಾರ ಗೆಳೆಯ ಮತ್ತೆ ಅದನ್ನೇ ಕೇಳಿದ, ಈ ಸಲ ಮೆತ್ತಗೆ. ಈಗ ಹೇಳಿದೆ: "ಯೇಸುನ ದಾರಿ ಅಂತ ನಂಬೇನಿ. ನಿನಗ ಬ್ಯಾಸರ ಆಗತೈತಿ ಅಂತ ಅದನ್ನ ತಿರುಗಿಸಿ ಹೇಳೂದಿಲ್ಲ. ಆದ್ರ ನಿಮ್ಮಾಯಿ ತೀರ್ಪು ಬರಿಯೂದು ನನ್ನ ಕೆಲಸ ಅಲ್ಲ. ಆಕೀನ್ನ ನನಗಿಂತ ಚಲೋ ಬಲ್ಲಾಂವ ಅದಾನ."

"ಇದು ಉತ್ತರ ಅಲ್ಲ" ಅಂದ. ಪೂರ್ತಿ ಉತ್ತರ ಅಲ್ಲ, ಖರೇ.

ಬನದ ಹುಣ್ಣಿಮೆಗೆ ಅವರ ಮನೆಯವರು ಗುಡ್ಡಕ್ಕೆ ಬರ್ತಾರೆ. ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಅಂದಿದ್ದೇನೆ. ನಾನು ಗುಡಿಯಲ್ಲಿ ಕೈ ಮುಗಿಯಲ್ಲ ಅಂತ ಅವನಿಗೂ ಗೊತ್ತು. ಎಷ್ಟು ಮಂದಿ ಅಂತ ಅವ್ವ ಈಗಲೇ ಕೇಳ್ತಿದ್ದಾಳೆ, ರೊಟ್ಟಿ ಲೆಕ್ಕಕ್ಕೆ.