ಹೊಂಗೆಯೆಲೆಯ ಬಿಳಿಯ ಮಚ್ಚೆ

ಬೆಂಗಳೂರಿನ ಜಯನಗರ, ಬನಶಂಕರಿ ಬಡಾವಣೆಗಳ ಬೀದಿಗಳಲ್ಲಿ ಹೊಂಗೆಯ ಮರಗಳು ಹೇರಳವಾಗಿವೆ. ಬೇಸಗೆಯ ಮೊದಲಲ್ಲಿ ಎಲೆಯುದುರಿಸಿ, ಯುಗಾದಿಯ ವೇಳೆಗೆ ಹೊಸ ಚಿಗುರನ್ನು ತಳೆಯುವ ಈ ಮರದ ಸೊಬಗನ್ನು ಮೆಚ್ಚದವರಿಲ್ಲ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದೇ ಎಲೆಗಳ ಮೇಲೆ, ಸುಣ್ಣದ ನೀರು ಸಿಡಿದಂತೆ, ಬಿಳಿಯ ಮಚ್ಚೆಗಳು ಮೂಡುವುದುಂಟು. ಮರಕ್ಕೆ ರೋಗ ತಗುಲಿತೆಂದು ಮನೆಯವರಿಗೆ ಕಳವಳ. ಔಷಧ ಹೊಡೆಯಿಸಬೇಕೆಂದು ಕೆಲವರು ಹೇಳಿದರೆ, ಕಡಿಸಿಬಿಡುವುದೇ ಲೇಸೆನ್ನುವವರೂ ಇದ್ದಾರೆ. ಈ ಎರಡು ಸಲಹೆಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಆ ಮಚ್ಚೆಯು ಒಂದು ಪುಟ್ಟ ಪತಂಗದ ಮರಿಯ ಮನೆ. ಗ್ರಾಸಿಲೇರಿಯಿಡೀ ಎಂಬ ಕುಟುಂಬಕ್ಕೆ ಸೇರಿದ ಈ ಪತಂಗವು ರೆಕ್ಕೆ ಮಡಿಚಿ ಕುಳಿತಾಗ ಅಕ್ಕಿಯ ಕಾಳಿಗಿಂತ ದೊಡ್ಡದಲ್ಲ. ಅದು ಎಲೆಯ ಮೇಲಿಟ್ಟ ಮೊಟ್ಟೆಯಿಂದ ಹೊರಟ ಹುಳುವು ಎಲೆಯನ್ನು ಕೊರೆದು ಒಳಹೊಗುತ್ತದೆ. ಹೊಂಗೆಯ ಎಲೆ ಎಷ್ಟು ತೆಳುವೆಂಬುದನ್ನು ನೀವು ಬಲ್ಲಿರಿ. ಅದರ ಮೇಲ್ಪೊರೆ, ಕೆಳಪೊರೆಗಳ ನಡುವೆ ಸೇರಿಕೊಂಡು, ಹಸುರು ತಿರುಳನ್ನು ಮೇಯುತ್ತ ಹುಳುವು ಬೆಳೆಯುತ್ತದೆ. ತಿರುಳು ತೀರಿದೆಡೆ ಬರಿಯ ಪೊರೆಯುಳಿದು ಬೆಳ್ಳಗೆ ತೋರುತ್ತದೆ. ಇದರ ನೆಂಟನೊಂದು ನಿಂಬೆ, ಕಿತ್ತಳೆಗಳ ಎಲೆಯಲ್ಲಿ ಬೆಳ್ಳಿಯ ಗೆರೆಗಳನ್ನೆಳೆಯುತ್ತದೆ. ನಮ್ಮ ರೈತರು ಅದಕ್ಕೆ ರಂಗೋಲಿ ಹುಳುವೆಂದರು. ಎಂತಹ ಚೆಲುವಾದ ಹೆಸರು! 1856ರಲ್ಲಿ ಸ್ಟೇಂಟನ್ ಎಂಬ ಇಂಗ್ಲಿಷ್ ವಿದ್ವಾಂಸರು ಕಲ್ಕತ್ತೆಯಲ್ಲಿ ದೊರೆತ ಪತಂಗಗಳನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರನ್ನಿಟ್ಟರು.

ಎಳೆಯ ಸಸಿಗೆ ಈ ಹುಳುವಿನಿಂದ ತೊಂದರೆಯಾಗಬಹುದು. ಮಚ್ಚೆಯೆದ್ದ ಎಲೆಗಳನ್ನು ಕೈಯಿಂದ ಕಿತ್ತರಾಯಿತು. ಬೆಳೆದ ಮರಕ್ಕಾದರೋ ಅದು ಲೆಕ್ಕಕ್ಕೆ ಬಾರದು. ಮಚ್ಚೆಯ ಸುತ್ತಲಿನ ಹಸುರು ತನ್ನ ಕೆಲಸವನ್ನು ನಡೆಸುತ್ತಲೇ ಇರುತ್ತದೆ. ಹಳೆಯ ಎಲೆಯಂತೂ ಮುಂದಿನ ಬೇಸಗೆಗೆ ಉದುರತಕ್ಕದ್ದೇ. ಹೊರಗಿನಿಂದ ಸಿಂಪಡಿಸಿದ ವಿಷವು ಪೊರೆಯ ಮರೆಯಲ್ಲಿರುವ ಹುಳುವನ್ನು ಸುಲಭವಾಗಿ ಮುಟ್ಟುವುದಿಲ್ಲ. ಆ ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳಾದರೋ ಬಯಲಿನಲ್ಲಿ ಹಾರಾಡುವಂಥವು. ವಿಷಕ್ಕೆ ಮೊದಲು ಬಲಿಯಾಗುವುವು ಅವೇ. ಹೊಂಗೆಯ ಹೂವಿಗೆ ಬರುವ ಜೇನ್ನೊಣಗಳಿಗೂ ಅದೇ ಗತಿ. ಹುಳುವಿನ ಶತ್ರುವನ್ನು ಕೊಂದು ಹುಳುವನ್ನುಳಿಸುವ ಔಷಧಕ್ಕೆ ಹಣ ತೆರುವುದು ಜಾಣತನವೆ?

ಕಡಿಯುವ ಮಾತು ಇದಕ್ಕಿಂತ ಗಂಭೀರವಾದುದು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಹಾಗೆ ಬೆಳೆದ ನೆರಳನ್ನು ಒಂದು ಮಚ್ಚೆಯ ನೆಪದಲ್ಲಿ ಕಳೆದುಕೊಳ್ಳುವುದೆಂದರೇನು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯೂ ಅನುಮತಿಯಿಲ್ಲದೆ ಮರ ಕಡಿಯುವುದನ್ನು ನಿಷೇಧಿಸುತ್ತದೆ.

ಕೊಡಲಿಯ ಮಾತೆತ್ತುವ ಮುನ್ನ ಮಚ್ಚೆಯಿರುವ ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿರಿ. ಒಳಗೆ ಹುಳುವಿನ ನೆರಳೂ, ಹಿಕ್ಕೆಯ ಕರಿಯ ಚುಕ್ಕೆಗಳೂ ಕಾಣಬಹುದು. ಮಚ್ಚೆಯ ಮೇಲೆ ಸೂಜಿಮೊನೆಯಷ್ಟು ತೂತಿದ್ದರೆ, ಅಲ್ಲಿಂದ ಹೊರಬಂದದ್ದು ಪತಂಗವೇ ಆಗಿರಬೇಕೆಂದಿಲ್ಲ, ಕಣಜವೂ ಆಗಿರಬಹುದು.