ಹಳೇ ಹಾಡು ಮೇಲೋ, ಹೊಸ ಹಾಡು ಮೇಲೋ? ಐದು ಭಾಷೆಗೆ ಒಂದೇ ಟ್ಯೂನ್ ಇರುವ ಕಾಲದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ

ಹೈದರಾಬಾದ್: ದೊಡ್ಡ ಬಜೆಟ್‌ನ ಸಿನಿಮಾವೊಂದರ ಲಿರಿಕಲ್ ವಿಡಿಯೋ ಬಿಡುಗಡೆಯಾಗುವ ದಿನ ಈ ಊರಿನ ಸುದ್ದಿಮನೆಗಳಲ್ಲಿ ಒಂದು ಮಜಾ ನಡೆಯುತ್ತದೆ. ಒಂದೇ ನಿಮಿಷದಲ್ಲಿ ಐದು ಭಾಷೆಯ ಲಿಂಕ್‌ಗಳು ಬರುತ್ತವೆ. ಅಕ್ಕಪಕ್ಕ ಕೂತ ತೆಲುಗು, ಕನ್ನಡ, ತಮಿಳು ಡೆಸ್ಕ್‌ಗಳು ಒಂದೇ ಫೋಟೋ ಹಾಕಿ ಒಂದೇ ಸುದ್ದಿ ಬರೆಯುತ್ತವೆ. ಅದರ ಕೆಳಗೆ ಕನ್ನಡ ಓದುಗರಿಂದ ತಪ್ಪದೇ ಬರುವ ಕಮೆಂಟ್ ಒಂದಿದೆ: ಹಳೇ ಹಾಡಿನ ಮಾಧುರ್ಯ ಈಗೆಲ್ಲಿ?

ಈ ದೂರನ್ನು ಪೂರ್ತಿ ಒಪ್ಪುವುದು ಕಷ್ಟ. ಸುಮ್ಮನೆ ತಳ್ಳಿಹಾಕಲೂ ಆಗದು.

ಮೊದಲನೆಯದಾಗಿ, ನಾವು ಹೋಲಿಸುತ್ತಿರುವುದೇ ಸರಿಯಿಲ್ಲ. 1972ರ 'ಬಂಗಾರದ ಮನುಷ್ಯ'ದ ಹಾಡುಗಳು ಇವತ್ತಿಗೂ ಬಾಯಲ್ಲಿವೆ. ಆದರೆ ಅದೇ ವರ್ಷ ಬಂದು ಮರೆತುಹೋದ ಹಾಡುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಲ ಜರಡಿ ಹಿಡಿದು ಉಳಿಸಿದ್ದನ್ನು, ಈ ವಾರ ಬಿಡುಗಡೆಯಾದ ಎಲ್ಲದರ ಜೊತೆ ತೂಗುತ್ತೇವೆ. ಇನ್ನು 'ಹಳೆಯದು' ಎಂಬ ಗಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. 1987ರಲ್ಲಿ 'ಪ್ರೇಮಲೋಕ'ಕ್ಕೆ ಹಂಸಲೇಖ ಆಡುಮಾತನ್ನೇ ಹಾಡಾಗಿಸಿದಾಗ, ಇದೂ ಒಂದು ಸಾಹಿತ್ಯವೇ ಎಂದು ಮೂಗು ಮುರಿದವರಿದ್ದರು. ಈಗ ಅದು ಸುವರ್ಣ ಯುಗ! 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ನನ್ನ ವಯಸ್ಸಿನವರಿಗೆ ಆಗಲೇ ಹಳೇ ಸಿನಿಮಾ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ, ಸೋನು ನಿಗಮ್ ದನಿ, ಇವು ನಮ್ಮ 'ಆ ಕಾಲದ' ಹಾಡುಗಳು.

ಹೊರಗಿನವರು ಹಾಡಿದ್ದಕ್ಕೆ ಕೆಟ್ಟಿತೇ?: ಪರಭಾಷಾ ಗಾಯಕರು ಬಂದಿದ್ದೇ ತೊಂದರೆ ಎನ್ನುವ ವಾದವಿದೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. ಡಾ. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ದನಿಯಾದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರೂ ಆಂಧ್ರದವರು. ಎಸ್‌ಪಿಬಿ 1967ರಲ್ಲೇ 'ನಕ್ಕರೆ ಅದೇ ಸ್ವರ್ಗ' ಚಿತ್ರಕ್ಕಾಗಿ ಎಂ. ರಂಗರಾವ್ ನಿರ್ದೇಶನದಲ್ಲಿ ಕನ್ನಡದಲ್ಲಿ ಹಾಡಿದ್ದರು. 'ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರ ಪ್ರಶಸ್ತಿಯೂ ಬಂತು. ನಮ್ಮ ರಾಜನ್-ನಾಗೇಂದ್ರ ಜೋಡಿ ತೆಲುಗಿಗೆ ಹೋಗಿ 'ಪಂತುಲಮ್ಮ', 'ನಾಲುಗು ಸ್ತಂಭಾಲಾಟ' ಚಿತ್ರಗಳಿಗೆ ಸಂಗೀತ ಕೊಟ್ಟಿತು. ಆಸ್ಕರ್ ವಿಜೇತ ಎಂ.ಎಂ. ಕೀರವಾಣಿ 1996ರಲ್ಲಿ ವಿಷ್ಣುವರ್ಧನ್ ಅವರ 'ಅಪ್ಪಾಜಿ'ಗೆ ಸಂಗೀತ ನೀಡಿದ್ದವರು. ಆಗಿನ ಹಾಡುಗಳಲ್ಲಿ ಬಹುಪಾಲು ರೆಕಾರ್ಡ್ ಆಗುತ್ತಿದ್ದದ್ದು ಮದ್ರಾಸಿನಲ್ಲಿ. ಟ್ಯೂನ್ ಮೊದಲು, ಮಾತು ಆಮೇಲೆ ಎಂಬುದೂ ಇವತ್ತಿನದಲ್ಲ. ಚಿ. ಉದಯಶಂಕರ್ ಟ್ಯೂನ್ ಕೇಳಿ ಅಲ್ಲೇ ಕೂತು ಬರೆದುಕೊಡುವುದಕ್ಕೆ ಹೆಸರಾಗಿದ್ದರು.

ಹಾಗಾದರೆ ನಿಜವಾಗಿ ಬದಲಾದದ್ದೇನು? ನನ್ನ ಪ್ರಕಾರ, ಸಾಹಿತಿ ಬರೆಯಲು ಕೂರುವ ಹೊತ್ತಿಗೆ ಅವನ ಕೈಯಲ್ಲಿ ಉಳಿದಿರುವ ಸ್ವಾತಂತ್ರ್ಯ. ಉದಯಶಂಕರ್ ಅವರ ಮುಂದೆ ಟ್ಯೂನ್ ಇತ್ತು, ಆದರೆ ದೃಶ್ಯ ಇನ್ನೂ ಚಿತ್ರೀಕರಣವಾಗಿರಲಿಲ್ಲ. ಕನ್ನಡದ ಮಾತಿಗೆ ತಕ್ಕಂತೆ ನಾಯಕನ ತುಟಿ ಆಡುತ್ತಿತ್ತು. ಪ್ಯಾನ್ ಇಂಡಿಯಾ ಸಿನಿಮಾದ ಕನ್ನಡ ಅವತರಣಿಕೆಗೆ ಬರೆಯುವವರ ಮುಂದೆ ಟ್ಯೂನ್ ಇದೆ, ತೆಲುಗಿನ ಸಾಹಿತ್ಯ ಇದೆ, ಆಗಲೇ ಆಡಿ ಮುಗಿಸಿದ ತುಟಿಯೂ ಇದೆ.

'ನಾಟು' ಎಂಬ ಒಂದು ಪದ: 2023ರ ಮಾರ್ಚ್‌ನಲ್ಲಿ ಆಸ್ಕರ್ ಗೆದ್ದ 'ನಾಟು ನಾಟು' ಹಾಡನ್ನೇ ನೋಡಿ. ಚಂದ್ರಬೋಸ್ ತಮ್ಮ ತೆಲಂಗಾಣದ ಹಳ್ಳಿಯ ನೆನಪುಗಳನ್ನೇ ಅದರಲ್ಲಿ ತುಂಬಿದ್ದಾರೆ. ಜೋಳದ ರೊಟ್ಟಿ, ಮೆಣಸಿನಕಾಯಿ ಚಟ್ನಿ, ಆಲದ ಮರದ ನೆರಳು, ಪೋಲೇರಮ್ಮನ ಜಾತ್ರೆ. ಕೇಳಿದ ತಕ್ಷಣ ಇಲ್ಲಿನವರಿಗೆ ಊರು ಕಣ್ಣಮುಂದೆ ಬರುತ್ತದೆ. ತೆಲುಗಿನಲ್ಲಿ 'ನಾಟು' ಎಂದರೆ ಅಪ್ಪಟ ಊರಿನದು, ಒರಟು, ದೇಸಿ. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದವೇ ಇದೆ. ನಾಟಿ ಕೋಳಿ ಎನ್ನುತ್ತೇವಲ್ಲ, ಆ 'ನಾಟಿ'. ಆದರೆ ಪರದೆಯ ಮೇಲೆ ರಾಮ್ ಚರಣ್, ಜೂನಿಯರ್ ಎನ್‌ಟಿಆರ್ ತುಟಿ 'ಟು' ಎಂದು ದುಂಡಗಾಗುತ್ತದೆ, 'ಟಿ' ಎಂದು ಅಗಲವಾಗುವುದಿಲ್ಲ. ಕನ್ನಡದಲ್ಲಿ ಹಾಡು 'ಹಳ್ಳಿ ನಾಟು' ಆಯಿತು. ಕನ್ನಡದ ಕಿವಿಗೆ ಬಾಣ ನಾಟುವುದು, ಮಾತು ಮನಸ್ಸಿಗೆ ನಾಟುವುದು ಗೊತ್ತು. ಹಳ್ಳಿ ನಾಟುವುದು ಗೊತ್ತಿಲ್ಲ. ಹೀಗಾಗಿ ಕುಣಿಯಲು ಅಡ್ಡಿಯಿಲ್ಲ, ಊರು ಮಾತ್ರ ಕಾಣುವುದಿಲ್ಲ.

ಬರೆದವರನ್ನು ಇದಕ್ಕೆ ದೂರಲಾರೆ. ತೆಲುಗು ಕಾಪಿಯನ್ನು ಹತ್ತು ನಿಮಿಷದಲ್ಲಿ ಕನ್ನಡ ಮಾಡಬೇಕಾದ ದಿನ ನಾನು ಕೊಡುವ ಶೀರ್ಷಿಕೆಗಳೂ ಹೀಗೇ ಇರುತ್ತವೆ. ಪದಗಳೆಲ್ಲ ಕನ್ನಡದವೇ, ಆದರೆ ಮೈಸೂರಿನಲ್ಲಿರುವ ನನ್ನ ಅಮ್ಮ ಹಾಗೆ ಮಾತಾಡುವುದಿಲ್ಲ.

ಅನುವಾದವೇ ಸೋಲು ಎಂದೂ ಅಲ್ಲ. 2021ರ 'ಪುಷ್ಪ'ದ ಹಾಡುಗಳನ್ನು ಕನ್ನಡಕ್ಕೆ ತಂದವರು ವರದರಾಜ್ ಚಿಕ್ಕಬಳ್ಳಾಪುರ. ಹ್ಞೂ ಅಂತೀಯಾ, ಉಹ್ಞೂ ಅಂತೀಯಾ ಎಂಬ ಪ್ರಶ್ನೆ ನಮ್ಮ ಮನೆಮಾತೇ ಆದ್ದರಿಂದ, ಮಂಗ್ಲಿ ದನಿಯಲ್ಲಿ ಅದು ಡಬ್ಬಿಂಗ್ ಎನಿಸಲೇ ಇಲ್ಲ.

ಅದೇ ವರ್ಷ ಹಾಡೊಂದು ಉಲ್ಟಾ ದಾರಿಯಲ್ಲಿ ಬಂತು. ದರ್ಶನ್ ನಟನೆಯ 'ರಾಬರ್ಟ್' ಚಿತ್ರಕ್ಕೆ ಅರ್ಜುನ್ ಜನ್ಯ ಹಾಕಿದ ಟ್ಯೂನ್‌ಗೆ ಕನ್ನಡದಲ್ಲಿ ಯೋಗರಾಜ್ ಭಟ್ ಬರೆದರು, ಶ್ರೇಯಾ ಘೋಷಾಲ್ ಹಾಡಿದರು. ತೆಲುಗಿನಲ್ಲಿ ಬರೆದದ್ದು ಕಾಸರ್ಲ ಶ್ಯಾಮ್, ಹಾಡಿದ್ದು ಮಂಗ್ಲಿ. 'ಕಣ್ಣೇ ಅದಿರಿಂದಿ' ಇಲ್ಲಿ ಮದುವೆ ಮನೆಗಳಲ್ಲಿ ಬಿಡದೆ ಮೊಳಗಿತು. ಬೆಂಗಳೂರಿನಲ್ಲೂ ಮೂಲ ಬಿಟ್ಟು ತೆಲುಗನ್ನೇ ಕೇಳಿದವರು ಸಾಕಷ್ಟು ಜನ. ಶ್ಯಾಮ್ ಪದಕ್ಕೆ ಪದ ಇಡಲಿಲ್ಲ, ತಮ್ಮ ಜನರ ಮಾತಿನ ಧಾಟಿ ಹಿಡಿದು ಹೊಸದಾಗಿ ಬರೆದರು. ಮುಂದೆ 'ಬಲಗಂ' ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು.

ಕನ್ನಡದಲ್ಲಿ ಅಂಥ ಹಾಡು ಹುಟ್ಟುತ್ತಿಲ್ಲ ಎನ್ನುವವರಿಗೆ 2024ರ 'ಕೃಷ್ಣಂ ಪ್ರಣಯ ಸಖಿ' ನೆನಪಿಸಬೇಕು. ವಿ. ನಾಗೇಂದ್ರ ಪ್ರಸಾದ್ ಬರೆದ 'ದ್ವಾಪರ' ಹಾಡನ್ನು ಹಾಡಿದ್ದು ಪಂಜಾಬಿನ ಜಸ್ಕರಣ್ ಸಿಂಗ್. ಮೊದಲಿಗೆ ಕನ್ನಡಕ್ಕೆಂದೇ ಬರೆದ ಸಾಲುಗಳವು, ಅಜ್ಜಿಯರಿಂದ ಹಿಡಿದು ರೀಲ್ಸ್ ಮಾಡುವ ಹುಡುಗರವರೆಗೂ ತಲುಪಿದವು. ಹಳೇ ಹಾಡುಗಳ ಪಕ್ಕ ಇಡಲು ನನಗಂತೂ ಸಂಕೋಚವಿಲ್ಲ.

ಇನ್ನೊಂದು ಉದಾಹರಣೆ 2022ರ 'ಕಾಂತಾರ'. ತೆಲುಗು ಅವತರಣಿಕೆ ಅಕ್ಟೋಬರ್ 15ರಂದು ತೆರೆಕಂಡಾಗ ಮಾತು, ಉಳಿದ ಹಾಡುಗಳು ಭಾಷೆ ಬದಲಿಸಿದ್ದವು. ಅಜನೀಶ್ ಲೋಕನಾಥ್ ಸಂಗೀತದ 'ವರಾಹ ರೂಪಂ' ಮಾತ್ರ ಶಶಿರಾಜ್ ಕಾವೂರು ಬರೆದ ಪದಗಳಲ್ಲೇ ಉಳಿಯಿತು. ಇದರ ರಾಗ ತಮ್ಮ 'ನವರಸಂ'ನದು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟ್ ಮೆಟ್ಟಿಲೇರಿತ್ತು, ಆ ಜಗಳ ಬೇರೆ. ತೆಲುಗು ನಿರ್ಮಾಪಕರು ಬೇಡವೆಂದೇನೂ ಹೇಳಲಿಲ್ಲ, ಹೈದರಾಬಾದಿನ ಪ್ರೇಕ್ಷಕರು ಅರ್ಥವಾಗಲಿಲ್ಲವೆಂದು ಎದ್ದು ಹೋಗಲೂ ಇಲ್ಲ. ಆ ತಿಂಗಳು ಇಲ್ಲಿನ ಆಟೋಗಳಲ್ಲಿ ಅದೇ ಹಾಡು ಕೇಳುತ್ತಿತ್ತು.