ಮುಂದಿನ ಟ್ರೆಷರ್ ಹಂಟ್ ನವಲಗುಂದದಾಗ ಇಡೋಣ

ಪ್ರತಿ ಫೆಸ್ಟ್‌ನಲ್ಲೂ ಟ್ರೆಷರ್ ಹಂಟ್ ರಿಜಿಸ್ಟ್ರೇಷನ್ ಎಲ್ಲಕ್ಕಿಂತ ಮೊದಲು ಫುಲ್ ಆಗುತ್ತದೆ. ನಾಲ್ಕು ಜನರ ಟೀಮ್, ಕೈಯಲ್ಲೊಂದು ಚೀಟಿ, ಎರಡು ತಾಸು ಓಟ. ನನಗೂ ಇದು ಭಾಳ ಇಷ್ಟದ ಆಟ. ಆದ್ರೆ ಒಂದು ತಕರಾರು ಇದೆ. ಕಳೆದ ಸಲ ಹುಬ್ಬಳ್ಳಿಯ ಒಂದು ಏರಿಯಾದಲ್ಲಿ ಆಡಿದಾಗ ನಮ್ಮ ಟೀಮ್ 6 ಸುಳಿವು ಬಿಡಿಸಿತು. ಒಂದಕ್ಕೂ ಆ ಓಣಿಯ ಮಂದಿಯನ್ನು ಮಾತಾಡಿಸುವ ಪ್ರಸಂಗ ಬರಲಿಲ್ಲ. ಫೋಟೋ ಹಿಡಿದ್ರೆ ಫೋನೇ ಜಾಗ ಹೇಳುತ್ತದೆ, ಮ್ಯಾಪ್ ದಾರಿ ತೋರಿಸುತ್ತದೆ. ಹಂಗಾದ್ರೆ ಓಣಿಗೆ ಯಾಕೆ ಹೋಗಬೇಕು? ಕ್ಯಾಂಪಸ್ ಗ್ರೌಂಡಲ್ಲೇ ಓಡಬಹುದಲ್ಲ!

ಅದಕ್ಕೇ ನನ್ನ ಸಲಹೆ: ಮುಂದಿನ ಹಂಟ್ ನವಲಗುಂದದಲ್ಲಿ ಇಡೋಣ. ಫೋನ್ ಬ್ಯಾಗಿನಲ್ಲಿರಲಿ, ಸುಳಿವು ಕನ್ನಡದಲ್ಲಿರಲಿ, ಉತ್ತರ ಊರಿನವರ ಬಾಯಿಂದ ಬರಲಿ.

ನವಲಗುಂದವೇ ಯಾಕೆ ಅಂದ್ರೆ, ಅಲ್ಲಿ ಜಮಖಾನ ನೇಯುತ್ತಾರೆ. ಜಿಐ ಟ್ಯಾಗ್ ಸಿಕ್ಕಿರೋ ಹತ್ತಿಯ ಜಮಖಾನ. ಆದಿಲಶಾಹಿ ಕಾಲದಲ್ಲಿ ವಿಜಾಪುರದ ಕಡೆಯಿಂದ ಬಂದ ನೇಕಾರರು ಇಲ್ಲಿ ನೆಲೆಸಿದರು ಅಂತಾರೆ. ಅವರ ಓಣಿಗೆ ಜಮಖಾನ ಗಲ್ಲಿ ಅಂತಲೇ ಹೆಸರಾಯಿತು. ನೇಯೋರು ಹೆಣ್ಮಕ್ಕಳು. ಮಗಳು ಲಗ್ನ ಆಗಿ ಬೇರೆ ಊರಿಗೆ ಹೋದ್ರೆ ವಿದ್ಯೆಯೂ ಹೋಗುತ್ತದೆ ಅಂತ ಹಿಂದೆ ಮಗಳಿಗೂ ಕಲಿಸುತ್ತಿರಲಿಲ್ಲವಂತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸೋರ್ಸ್ ಕೋಡ್ ಮನೆ ದಾಟುತ್ತಿರಲಿಲ್ಲ. ಈಗ ನೇಯುವ ಕೈಗಳೇ ಕಡಿಮೆ ಆಗಿವೆ. ‘ಊರ ಹೆಸರಿನಲ್ಲಿರೋ ಹಕ್ಕಿ ನೂಲಿನ ಮೇಲೆ ಎಲ್ಲಿ ಕೂತಿದೆ?’ ಅಂತ ಒಂದು ಸುಳಿವು ಕೊಡಿ. ನವಿಲು ಅಂತ ಹೊಳೆಯಬಹುದು. ಆದ್ರೆ ಅದನ್ನು ನೋಡಬೇಕಂದ್ರೆ ಮಗ್ಗದ ತನಕ ಹೋಗಿ “ಅಕ್ಕಾರ, ಸ್ವಲ್ಪ ತೋರಸ್ರಿ” ಅಂತ ಕೇಳಲೇಬೇಕು.

“ಅವರು ದುಡಿಯೋದು ಬಿಟ್ಟು ನಮ್ಮ ಆಟಕ್ಕ ಯಾಕ ಉತ್ತರ ಕೊಡಬೇಕಲೇ?” ಅಂತ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. 15 ಟೀಮ್ ಒಂದೇ ಬಾಗಿಲು ಬಡಿದರೆ ಅದು ಆಟವಲ್ಲ, ಕಾಟ. ಆದ್ದರಿಂದ ಮೊದಲೇ ಹೋಗಿ ಒಪ್ಪಿಗೆ ಕೇಳಬೇಕು. ಒಂದು ಮನೆಗೆ ಒಂದೇ ಟೀಮ್. ಗಿಫ್ಟ್ ವೋಚರಿಗೆ ಇಟ್ಟ ದುಡ್ಡಿನಲ್ಲಿ ಅವರ ಹತ್ತಿರವೇ ಜಮಖಾನ ಕೊಳ್ಳಬೇಕು, ಅದೂ ಚೌಕಾಸಿ ಮಾಡದೆ. ಗೆದ್ದವರಿಗೆ ಅದೇ ನಿಧಿ.

ಹಾಗಂತ ಊರಲ್ಲಿ ಕಂಡದ್ದೆಲ್ಲ ಸುಳಿವು ಆಗಬಾರದು. 1980ರ ಜುಲೈ 21ರಂದು, ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದಿದ್ದ ರೈತರ ಮೇಲೆ ಇಲ್ಲಿ ಗೋಲಿಬಾರ್ ಆಯಿತು. ಜೀವ ಕೊಟ್ಟವರ ನೆನಪಿಗೆ ಊರಲ್ಲಿ ವೀರಗಲ್ಲು ಇದೆ. ‘ಇಲ್ಲಿ ಸೆಲ್ಫಿ ತೆಗೆದ್ರೆ 20 ಪಾಯಿಂಟ್’ ಅನ್ನೋ ಜಾಗ ಅದಲ್ಲ. ಅಲ್ಲಿಗೆ ಟೈಮರ್ ನಿಲ್ಲಿಸಿ ಎಲ್ಲ ಟೀಮ್ ಕೂಡಿ ಹೋಗೋಣ. ಆ ದಿನ ಕಂಡ ಹಿರಿಯರು ಹೇಳಿದರೆ ಕೂತು ಕೇಳೋಣ. ಪಾಯಿಂಟ್ ಬೇಡ.

ಇದನ್ನೆಲ್ಲ ನನ್ನಂಥ ಇಂಗ್ಲಿಷ್ ಮೀಡಿಯಂನವರಷ್ಟೇ ಕೂತು ಪ್ಲಾನ್ ಮಾಡಿದ್ರೆ ಕೆಟ್ಟುಹೋಗುತ್ತದೆ. ಸುಳಿವು ಬರೆಯೋಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹುಡುಗ ಹುಡುಗಿಯರು ಬೇಕು. ಸೆಮಿನಾರಿನಲ್ಲಿ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂರುತ್ತಾರಲ್ಲ, ಅವರೇ. ಪ್ರತಿ ಟೀಮಿಗೆ ಅವರಲ್ಲೊಬ್ಬರು ಕ್ಯಾಪ್ಟನ್ ಆಗಲಿ. ದಾರಿ ಕೇಳೋದು ಹೇಗೆ ಅಂತ ನಾವು ಅವರ ಹಿಂದೆ ನಡೆದು ಕಲಿಯೋಣ. ಕಮಿಟಿಯವರು ಮೀಟಿಂಗ್ ಕರೀರಿ, ಕೆಲಸಕ್ಕೆ ನಾನಂತೂ ರೆಡಿ.